ತೋಪು ಕಡಿಯುವ ಮಾತು

ಊರಿಗೆ ಯಾರಾದರೂ ದೊಡ್ಡವರು ಬಂದರೆ ಕಾಟೇನಹಳ್ಳಿಯ ಗಂಡಸರಿಗೆ ಎಲ್ಲಿಲ್ಲದ ಜಂಬ. ಕೆ.ಆರ್.ಪುರದ ಆಚೆಗಿನ ಆ ಊರಲ್ಲಿ ರಾಗಿ ಹೊಲಗಳೆಲ್ಲ ಬಾಡಿಗೆ ಮನೆಗಳಾಗಿ ವರ್ಷಗಳೇ ಕಳೆದಿದ್ದವು. ಮಾತಿನಲ್ಲಿ ಮಾತ್ರ ಎಲ್ಲರೂ ಇನ್ನೂ ಜಮೀನ್ದಾರರೇ. 2008ರಲ್ಲಿ ಆ ಜಂಬ ಊರಿನ ತೋಪನ್ನೇ ನುಂಗಿ ನೀರು ಕುಡಿಯುವುದರಲ್ಲಿತ್ತು.

ತೋಪೆಂದರೆ ಕೆರೆ ದಂಡೆಯ ಹಳೆಯ ಕಾಡು. ಹೊಂಗೆ, ಬೇವು, ನೇರಳೆ, ಹುಣಸೆ. ಯಾವ ಕಾಲದಲ್ಲೋ ಮುನೇಶ್ವರನ ಹೆಸರಿಗೆ ಬಿಟ್ಟದ್ದು, ಹಾಗಾಗಿ ಊರಿಗೆಲ್ಲ ಸೇರಿದ್ದು. ಊರಿನ ಸೊಸೆ ಅಕ್ಕಯಮ್ಮನೂ ಅವಳ ಮಹಿಳಾ ಸಂಘದ ಹೆಂಗಸರೂ ಅಲ್ಲಿ ಹೊಂಗೆಬೀಜ ಆಯ್ದು ಎಣ್ಣೆ ಮಾಡಿಸುತ್ತಿದ್ದರು, ನೇರಳೆಹಣ್ಣನ್ನು ಶಿವಾಜಿನಗರದ ಅಹ್ಮದ್ ಪಾಷಾನ ಅಂಗಡಿಗೆ ಹಾಕುತ್ತಿದ್ದರು. ಬಾಡಿಗೆಯೆಲ್ಲ ಗಂಡಸರ ಜೇಬಿಗೆ. ಹೆಂಗಸರು ಯಾರನ್ನೂ ಕೇಳದೆ ಖರ್ಚು ಮಾಡಬಹುದಾಗಿದ್ದದ್ದು ತೋಪಿನ ದುಡ್ಡೊಂದನ್ನೇ.

ಈಗ ವಿದೇಶದ ಯಾವುದೋ ಕಂಪನಿ, ತಾನು ಉಗುಳುವ ಹೊಗೆಗೆ ಪ್ರಾಯಶ್ಚಿತ್ತವಾಗಿ, ಇಂಗಾಲ ಹೀರಿಕೊಳ್ಳುವ ಮರಗಳನ್ನು ಕಾಪಾಡುವ ಊರುಗಳಿಗೆ ಹಣ ಕೊಡುತ್ತದಂತೆ. ಕಾವಲಿನವರಿಗೆ ಸಂಬಳ, ಹೊಸ ಸಸಿಗಳಿಗೆ ನೀರು, ಸಂಘಕ್ಕೆ ಸ್ವಂತದ್ದೊಂದು ಗಾಣ. ಅದಕ್ಕೆ ಪ್ರತಿಯಾಗಿ ಮೂವತ್ತು ವರ್ಷ ಒಂದು ಮರವನ್ನೂ ಮುಟ್ಟುವುದಿಲ್ಲವೆಂದು ಊರು ಬರೆದುಕೊಡಬೇಕು. ಅಕ್ಕಯಮ್ಮನಿಗೆ ಗಾಣಕ್ಕಿಂತ ಆ ಮೂವತ್ತು ವರ್ಷ ಬೇಕಿತ್ತು. ಲೇಔಟ್ ಮಾಡುವವರ ಕಾರು ಆಗಲೇ ಅವಳ ಭಾವನ ಮನೆ ಮುಂದೆ ಬಂದು ನಿಂತು ಹೋಗಿತ್ತು. ಭಾವ, ಅಂದರೆ ಗಂಡನ ಅಣ್ಣ ಮುನಿಆಂಜನಪ್ಪ, ಊರಿನ ಯಜಮಾನ.

ಕಂಪನಿಯ ಪರವಾಗಿ ತಪಾಸಣೆಗೆಂದು ಇಂದಿರಾನಗರದ ಆಫೀಸೊಂದರಿಂದ ಮಧುರಾ ಎಂಬ ಹುಡುಗಿ ಬಂದಳು. ಬೆಳಿಗ್ಗೆಯಿಂದ ಟೇಪು ಹಿಡಿದು ಮರಗಳ ಸುತ್ತಳತೆ ತೆಗೆದಳು. ಸಂಜೆ ಊರವರೆಲ್ಲ ಮುನೇಶ್ವರನ ಗುಡಿಯೆದುರಿನ ಹುಣಸೆಕಟ್ಟೆಯಲ್ಲಿ ಸೇರಿದಾಗ ಕೊನೆಯ ಪ್ರಶ್ನೆ ಕೇಳಿದಳು.

"ಈ ಪ್ರಾಜೆಕ್ಟ್ ಬರ್ಲಿಲ್ಲ ಅಂದ್ಕೊಳ್ಳಿ. ಆಗ ಈ ಮರಗಳನ್ನ ಕಡಿಯೋ ಚಾನ್ಸ್ ಇದ್ಯಾ?"

"ಬಿಡ್ತು ಅನ್ನಮ್ಮ!" ಮುನಿಆಂಜನಪ್ಪ ಗುಡಿಯ ಕಡೆ ನೋಡಿ ಕೆನ್ನೆ ಬಡಿದುಕೊಂಡ. "ಹಂಗೆಲ್ಲ ಬಾಯಲ್ಲಿ ಆಡಬಾರ್ದು. ನಮ್ ತಲೆ ಹೋದ್ರೂ ಒಂದು ಕೊಂಬೆ ಹೋಗಾಕಿಲ್ಲ!"

ಗಂಡಸರೆಲ್ಲ ತಲೆದೂಗಿದರು. ಮಧುರಾಳ ಮುಖ ಸಪ್ಪಗಾಯಿತು.

"ಸರ್, ಯೋಚ್ನೆ ಮಾಡಿ ಹೇಳಿ. ಹೇಗಿದ್ರೂ ಉಳ್ಕೊಳ್ಳೋ ಕಾಡಿಗೆ ಅವ್ರು ಫಂಡ್ ಕೊಡಲ್ಲ. ಅಪಾಯ ಇರೋದನ್ನ ಉಳಿಸೋಕೆ ಮಾತ್ರ ಕೊಡೋದು. ನೀವು ಹೇಳಿದ್ದನ್ನೇ ನಾನು ರಿಪೋರ್ಟ್‌ನಲ್ಲಿ ಬರೀಬೇಕು."

"ಬರ್ಕೊ. ದುಡ್ಡಿನ ಆಸೆಗೆ ದೇವ್ರ ಮುಂದೆ ಅಪಶಕುನ ನುಡಿಯೋರಲ್ಲ ನಾವು."

ಎಂಥ ದೊಡ್ಡ ಮಾತು! ಹೆಂಗಸರ ನಡುವೆ ಕೂತಿದ್ದ ಅಕ್ಕಯಮ್ಮನಿಗೆ ಮೈಯೆಲ್ಲ ಉರಿಯಿತು. ಮದುವೆಯಾಗಿ ಬಂದಾಗಿನಿಂದ ಅವಳು ಭಾವನ ಎದುರು ದನಿಯೆತ್ತಿದವಳಲ್ಲ, ಅವನು ಬಂದರೆ ಸೆರಗು ಹೊದ್ದು ಬಾಗಿಲ ಮರೆಗೆ ಸರಿಯುವವಳು. ಮೇಲಾಗಿ ಮುನೇಶ್ವರನ ಭಯ ಅವಳಿಗೂ ಇತ್ತು. ಆದರೆ ಆ ಹುಡುಗಿ ಪೆನ್ನು ಕಾಗದಕ್ಕೆ ತಾಗಿಸುವುದನ್ನು ಕಂಡಾಗ ಅವಳು ಎದ್ದು ನಿಂತೇಬಿಟ್ಟಳು.

"ಕಡೀತೀವಿ ಮೇಡಮ್."

"ಬಿಡ್ತು ಅನ್ನು! ಬಿಡ್ತು ಅನ್ನು!" ಎಂದು ಸುತ್ತಲೂ ಗದ್ದಲವೆದ್ದಿತು. ಅವಳು ಅನ್ನಲಿಲ್ಲ.

"ಗದ್ದೆ ಮಾರಾಕಿಲ್ಲ ಅಂತ ಇದೇ ಕಟ್ಟೆ ಮ್ಯಾಲೆ ಕೂತು ಹೇಳಿದ್ರು. ಅಲ್ಲೀಗ ಅಪಾರ್ಟ್‌ಮೆಂಟ್ ಐತೆ. ರಾಗಿ ಹೊಲಕ್ಕೂ ಹಿಂಗೇ ಅಂದ್ರು. ತೋಪೂ ಹೋಯ್ತದೆ. ನಾನೇನು ದೊಡ್ಡೋಳಲ್ಲ, ಮನೇಲಿ ಸೈನ್ ಹಾಕು ಅಂದ್ರೆ ನಾನೂ ಹಾಕ್ತೀನಿ. ಹೊಲಕ್ಕೆ ಹಾಕಿದ್ದೆ. ಆಮ್ಯಾಕೆ ಕೂತು ಅತ್ತೆ. ಅತ್ರೆ ಹೊಲ ವಾಪಸ್ ಬಂತಾ? ಇದ್ನ ನಮ್ ಕೈಯಿಂದ ಕಾಪಾಡಿ, ಅಷ್ಟೇ ನಾನು ಕೇಳೋದು."

ಮುನಿಆಂಜನಪ್ಪ ಎದ್ದ. ಬಿತ್ತು ಇವಳಿಗೆ ಏಟು ಎಂದುಕೊಂಡರು ಎಲ್ಲ. ಅವನು ಟವೆಲಿನಿಂದ ಮುಖ ಒರೆಸಿಕೊಂಡ, ಗುಡಿಯ ಕಡೆ ನೋಡಲಾರದೆ ಮಧುರಾಳ ಕಡೆ ತಿರುಗಿದ.

"ಲೇಔಟ್‌ನೋರು ಬಂದಾಗ ನಾನು ಬ್ಯಾಡ ಅನ್ಲಿಲ್ಲ ಕಣಮ್ಮ. ನೋಡಾನ ಅಂದೆ." ಟವೆಲನ್ನು ಹೆಗಲಿಗೆ ಹಾಕಿಕೊಂಡ. "ಅವಳು ಹೇಳಿದ್ದೇ ಬರ್ಕೊ."

ಮಧುರಾ ಬರೆದುಕೊಂಡಳು. ಹೆಂಗಸರ ಗುಂಪಿನಲ್ಲಿ ಯಾರೋ ಅಕ್ಕಯಮ್ಮನ ಕೈ ಎಳೆದು ಕೂರಿಸಿದರು. ಕೂತ ಮೇಲೇ ಅವಳಿಗೆ ಅಳು ಬಂದದ್ದು, ಅದೂ ಖುಷಿಯ ಅಳು.

ಮಂಜೂರಾತಿ ಬಂತು. ತೋಪಿನ ಸುತ್ತ ಕಾವಲು ಬಂತು, ಖಾಲಿ ಜಾಗದಲ್ಲೆಲ್ಲ ಹೊಂಗೆ ಸಸಿಗಳೆದ್ದವು. ಕೆರೆ ಏರಿಯ ಪಕ್ಕ ಸಂಘದ ಗಾಣ ಸದ್ದು ಮಾಡತೊಡಗಿತು, ಎಣ್ಣೆ ತೆಗೆದು ಉಳಿದ ಹಿಂಡಿಯನ್ನು ಗುಲಾಬಿ ಬೆಳೆಯುವವರು ಗೊಬ್ಬರಕ್ಕೆಂದು ಮುಂಚೆಯೇ ಹೇಳಿಟ್ಟು ಒಯ್ಯುತ್ತಿದ್ದರು. ಲೇಔಟಿನವರ ಕಾರು ಮತ್ತೊಮ್ಮೆ ಬಂದಾಗ ಮುನಿಆಂಜನಪ್ಪ ಜಗಲಿಯಿಂದ ಏಳಲೂ ಇಲ್ಲ.

"ತೋಪಿನ ಮಾತಾ? ನಮ್ ಅಕ್ಕಯಮ್ಮನ್ನ ಕೇಳಿ," ಎಂದು ಗಾಣದ ಕಡೆ ಕೈ ತೋರಿಸಿದ.

ಅಕ್ಕಯಮ್ಮ ಎಣ್ಣೆಗೈ ಒರೆಸಿಕೊಂಡು ಹೊರಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಬಂದವರ ಮಾತನ್ನು ಪೂರ್ತಿ ಕೇಳಿಸಿಕೊಂಡು, "ಮಾರಾಕಿಲ್ಲ ಸ್ವಾಮಿ, ಹೋಗ್ಬನ್ನಿ," ಎಂದಳು. ಕಾಟೇನಹಳ್ಳಿಯಲ್ಲಿ ಆ ಮಾತನ್ನು ಅದೆಷ್ಟೋ ಜನ ಆಡಿದ್ದರು. ಅದು ನಿಜವಾದದ್ದು ಮಾತ್ರ ಆವತ್ತೇ ಮೊದಲು.