ಹತ್ತು ಗಂಟೆಯ ಸೂಜಿ

ಮಂಚದ ಕೆಳಗಿನಿಂದ ತಂಗಿಯ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಆಕೆ ಗೋಡೆಯ ಮೂಲೆಗೆ ಕೈ ಚಾಚಿದ್ದಳು. ಅಲ್ಲಿ ಬಾಬಿನ್ ಎಂಬ ಹದಿಮೂರು ವರ್ಷದ ಬೂದು ಬೆಕ್ಕು ಮುದುಡಿ ಕೂತು ಬುಸುಗುಟ್ಟುತ್ತಿತ್ತು.

“ಹೊರಗೆ ಅಕ್ಕನ ಹೆಣ ಇದೆ, ಇವಳು ಒಳಗೆ ಬೆಕ್ಕಿನ ಹಿಂದೆ ಬಿದ್ದಿದ್ದಾಳೆ,” ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತಿಗೆ. “ಬಂದವರು ಏನಂದ್ಕೋತಾರೆ? ಹನ್ನೊಂದಕ್ಕೆ ಗಾಡಿ ಬರುತ್ತೆ. ಎದ್ದು ಬಾರೇ.”

“ಬರ್ತೀನಿ. ಮೊದಲು ಇದಕ್ಕೆ ಸಲೈನ್ ಆಗ್ಬೇಕು.”

“ನಾಳೆ ಹಾಕಿದ್ರಾಯ್ತು.”

“ನಿನ್ನೆನೂ ಹಾಕಿಲ್ಲ ಅತ್ತಿಗೆ. ಎರಡು ದಿನ ತಪ್ಪಿದ್ರೆ ಉಳಿಯಲ್ಲ ಅಂದಿದ್ದಾರೆ ಡಾಕ್ಟ್ರು.”

ಅತ್ತಿಗೆಗೆ ಬೆಕ್ಕಿನ ಮೇಲೆ ದ್ವೇಷವೇನೂ ಇರಲಿಲ್ಲ. ಯಾವ ಹೊತ್ತಿನಲ್ಲಿ ಯಾವ ಕೆಲಸ ಎನ್ನುವುದರಲ್ಲಿ ಮಾತ್ರ ಅವರು ಬಲು ಕಟ್ಟುನಿಟ್ಟು. ಮೂಗು ಮುರಿದು ಹೊರಗಿನ ಕೋಣೆಗೆ ಹೋದರು.

ಅಲ್ಲಿ ಅಕ್ಕ ಮಲಗಿದ್ದಳು. ಬೀದಿಯವರೆಲ್ಲರ ಅಳತೆ ತೆಗೆದವಳಿಗೆ ಹೊದಿಸಿದ ಬಿಳಿ ಬಟ್ಟೆ ಗೇಣುದ್ದ ಕಡಿಮೆ ಬಿದ್ದು, ಪಾದಗಳು ಹೊರಗೇ ಉಳಿದಿದ್ದವು. ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದು ಬೆರಳ ಬುಡ ಗಟ್ಟಿಯಾದ ಪಾದಗಳು. ನಿನ್ನೆ ಬೆಳಿಗ್ಗೆ ಎಂಟಕ್ಕೆ, ಕೈಯಲ್ಲಿ ಕಾಫಿ ಲೋಟ ಇರುವಾಗಲೇ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ.

*

ಹದಿನಾಲ್ಕು ತಿಂಗಳ ಹಿಂದೆ ಡಾಕ್ಟರು ಬೆಕ್ಕಿನ ಹೊಟ್ಟೆ ಒತ್ತಿ ನೋಡಿ, “ಕಿಡ್ನಿ ಹೋಗಿದೆ. ಹೆಚ್ಚಂದ್ರೆ ಒಂದು ವಾರ,” ಎಂದಿದ್ದರು.

“ಯಾವ ವಾರ ಅಂತ ಹೇಳಿಲ್ಲವಲ್ಲ,” ಎಂದಿದ್ದಳು ಅಕ್ಕ. “ಏನು ಮಾಡ್ಬೇಕು ಅಷ್ಟು ಹೇಳಿ.”

ದಿನಾ ಚರ್ಮದ ಕೆಳಗೆ ನೂರು ಎಂ.ಎಲ್. ಸಲೈನ್. ಹೆಗಲುಗಳ ನಡುವಿನ ಚರ್ಮವನ್ನು ಎತ್ತಿ ಹಿಡಿದು, ಎತ್ತಿದ ಟೊಳ್ಳಿಗೆ ಸೂಜಿ ತೂರಿಸಬೇಕು. “ಇದು ನೆರಿಗೆ ಹಿಡಿದ ಹಾಗೇ,” ಎಂದು ಅಕ್ಕ ಅಲ್ಲೇ ಕಲಿತಳು. ಮನೆಯಲ್ಲಿ ಮಾತ್ರ ಬೆಕ್ಕು ಬಿಡಲಿಲ್ಲ. ಮೊದಲ ದಿನ ಸೂಜಿ ಅವಳ ಹೆಬ್ಬೆರಳಿಗೇ ಹೊಕ್ಕಿತು. ಎರಡನೆಯ ದಿನ ಬಾಟಲಿ ನೆಲಕ್ಕೆ ಬಿತ್ತು. ಮೂರನೆಯ ದಿನ ಅವಳು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಅದೇನು ಮಾಡಿದಳೋ, ಬೆಕ್ಕು ತೆಪ್ಪಗಾಗಿತ್ತು.

“ನೀನೂ ಒಂದ್ಸಲ ನೋಡ್ಕೊಳ್ಳೇ. ನಾನೇನು ಗೂಟ ಹೊಡ್ಕೊಂಡು ಕೂತಿರ್ತೀನಾ?” ಎಂದಿದ್ದಳು ತಂಗಿಗೆ.

“ನನ್ನ ಕೈಲಾಗಲ್ಲ, ಬಿಡು.”

ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಗುದ್ದಿ ನಿವೃತ್ತಳಾದ ತಂಗಿಗೆ ಸೂಜಿ ಕಂಡರೆ ಕಣ್ಣು ಕತ್ತಲೆ ಬರುತ್ತಿತ್ತು. ದಿನಾ ಹತ್ತಕ್ಕೆ ಅಡುಗೆಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮಿಷನ್ ಸದ್ದು ಕೇಳಿದರೆ ಸರಿ, ಸೂಜಿ ಮುಗಿದು ಹೊಲಿಗೆ ಶುರುವಾಯಿತು ಎಂದುಕೊಳ್ಳುತ್ತಿದ್ದಳು.

*

ಬೆಕ್ಕು ಕೊನೆಗೂ ಕೈಗೆ ಸಿಕ್ಕಿತು. ಎತ್ತಿಕೊಂಡಾಗ ತಂಗಿಗೆ ಸಂಕಟವಾಯಿತು. ಎರಡೇ ದಿನಕ್ಕೆ ಬೆನ್ನಮೂಳೆ ಎದ್ದಿತ್ತು. ಅದೇ ಕೋಣೆಯಲ್ಲಿ, ಅಕ್ಕನ ಮಿಷನ್ ಪಕ್ಕದ ಮೊಳೆಗೆ ಬಾಟಲಿ ನೇತಾಡುತ್ತಿತ್ತು. ಅದರ ಸುತ್ತ ನೂರಕ್ಕೊಂದರಂತೆ ಅಕ್ಕ ಕಟ್ಟಿದ್ದ ಕೆಂಪು ದಾರಗಳು. ನೀರು ಮೂರನೆಯ ದಾರಕ್ಕೆ ನಿಂತಿತ್ತು. ಇವತ್ತು ನಾಲ್ಕನೆಯದಕ್ಕೆ ಇಳಿಯಬೇಕು.

ಉಸಿರು ಬಿಗಿಹಿಡಿದು ಚರ್ಮ ಎತ್ತಿದಳು. ಬೆಕ್ಕು ಪರಚಿತು. ಮತ್ತೆ ಎತ್ತಿದಳು. ಕಚ್ಚಿತು. ಕೈಯಿಂದ ರಕ್ತ ಇಳಿಯಿತು, ಕಣ್ಣು ಮಂಜಾಯಿತು. ಒಂದು ಸಲ, ಒಂದೇ ಒಂದು ಸಲ ಅಕ್ಕನ ಪಕ್ಕ ನಿಂತು ನೋಡಿದ್ದರೆ ಏನು ಗಂಟು ಹೋಗುತ್ತಿತ್ತು? ನಿನ್ನೆಯಿಂದ ಬಾರದ ಅಳು ಈಗ ಬಂತು. ಅಳುತ್ತಲೇ ಬೆಕ್ಕಿನ ಕುತ್ತಿಗೆಯ ಹಿಂದಿನ ಚರ್ಮ ಹಿಡಿದಳು, ಬಿಡಲಿಲ್ಲ.

ಗಲಾಟೆಗೆ ಕಾಜಾದವರು ಒಳಗೆ ಬಂದರು. ಅಕ್ಕ ಹೊಲಿದ ಬಟ್ಟೆಗಳಿಗೆ ಇಪ್ಪತ್ತು ವರ್ಷದಿಂದ ಕಾಜಾ ತೆಗೆದು ಗುಂಡಿ ಹಚ್ಚುತ್ತಿದ್ದ ಮುದುಕ. ಬೆಳಿಗ್ಗೆಯಿಂದ ಹೆಣದ ಬಳಿ ಕೂತಿದ್ದರು.

“ಮೇಡಂ, ಹಾಗಲ್ಲ. ಅಕ್ಕೋರು ಮಿಷನ್ ತುಳಿತಾ ತುಳಿತಾ ಹಾಕ್ತಿದ್ರು.”

“ಏನು?”

“ಅದು ಮರಿ ಇದ್ದಾಗಿಂದ ಈ ಹಲಗೆ ಮೇಲೇ ಮಲಗಿದ್ದಲ್ವಾ? ಇದು ಗಡಗಡ ಅಂತಿದ್ರೆ ಅದಕ್ಕೆ ನಿದ್ದೆ. ನಾನೇ ಎಷ್ಟು ಸಲ ನೋಡಿದ್ದೀನಿ.”

ತಂಗಿ ಬೆಕ್ಕನ್ನು ಹಿಡಿದುಕೊಂಡೇ ಅವರ ಮುಖ ನೋಡಿದಳು. ಹದಿನಾಲ್ಕು ತಿಂಗಳು ಅಡುಗೆಮನೆಯಲ್ಲಿ ಕೇಳಿದ್ದು ಹೊಲಿಗೆಯ ಸದ್ದಲ್ಲ.

“ನಾನು ತುಳೀಲಾ?” ಎಂದರು ಕಾಜಾದವರು.

“ಬೇಡ. ಇವತ್ತು ನೀವಿದ್ದೀರಿ, ನಾಳೆ ಯಾರು ತುಳೀತಾರೆ? ನಾನೇ ಕಲೀತೀನಿ. ಶುರು ಮಾಡಿಕೊಡಿ.”

ಅವಳು ಅಕ್ಕನ ಸ್ಟೂಲಿನ ಮೇಲೆ ಕೂತಳು. ಬೆಕ್ಕನ್ನು ಹಲಗೆಯ ಮೇಲಿಟ್ಟಳು. ಕಾಜಾದವರು ಚಕ್ರದ ನಡುವಿನ ತಿರುಪು ಸಡಿಲಿಸಿದರು. ಹಾಗೆ ಮಾಡಿದರೆ ಚಕ್ರ ಸುತ್ತುತ್ತದೆ, ಮಿಷನ್ನಿನ ಸೂಜಿ ಅಲ್ಲಾಡುವುದಿಲ್ಲ.

ಅಷ್ಟರಲ್ಲಿ ಅತ್ತಿಗೆ ಬಂದರು. “ಹೆಣ ಇಟ್ಕೊಂಡು ಮಿಷನ್ ತುಳೀತಾರೇನೇ ಯಾರಾದ್ರೂ?”

“ನಾನು ತುಳೀತೀನಿ,” ಎಂದಳು ತಂಗಿ. “ಗಾಡಿ ಬಂದ್ರೆ ಕಾಯೋಕೆ ಹೇಳಿ.”

ಅತ್ತಿಗೆ ಅವಳ ಕೈಯ ರಕ್ತ ನೋಡಿದರು. ಬಾಗಿಲು ಮುಂದೆ ಮಾಡಿಕೊಂಡು ಹೊರಟರು.

ಕಾಜಾದವರು ಚಕ್ರಕ್ಕೆ ಒಂದು ಸುತ್ತು ಕೊಟ್ಟರು. ತಂಗಿಯ ಕಾಲು ತಡವರಿಸಿತು, ಚಕ್ರ ಹಿಂದಕ್ಕೆ ತಿರುಗಿ ನಿಂತಿತು. ಇನ್ನೊಂದು ಸುತ್ತು. ಮತ್ತೆ ನಿಂತಿತು. ಮೂರನೆಯ ಸಲ ಕಾಲು ಲಯ ಹಿಡಿಯಿತು. ಹಲಗೆ ನಡುಗಿತು. ಬೆಕ್ಕಿನ ಕಿವಿ ಮೊದಲು ಇಳಿಯಿತು, ಆಮೇಲೆ ತಲೆ. ಅವಳು ಚರ್ಮವನ್ನು ನೆರಿಗೆಯಂತೆ ಎತ್ತಿ, ಕಣ್ಣು ಮುಚ್ಚದೆ ಸೂಜಿ ತೂರಿಸಿದಳು. ಪೈಪಿನಲ್ಲಿ ಹನಿ ಬೀಳತೊಡಗಿತು.

ಹೊರಗಿನ ಕೋಣೆಯಲ್ಲಿ ಗಾಡಿಯವರು ಬಂದು ನಿಂತಿದ್ದರು. ಮಾತಾಡುತ್ತಿದ್ದವರೆಲ್ಲ, ಬಾಗಿಲಾಚೆಯಿಂದ ಆ ಗಡಗಡ ಸದ್ದು ಬಂದದ್ದೇ ತಡ, ಮಾತು ನಿಲ್ಲಿಸಿದರು. ಯಾರೂ ಬಾಗಿಲ ಕಡೆ ನೋಡಲಿಲ್ಲ. ಎಲ್ಲರ ಕಣ್ಣೂ ಬಿಳಿ ಬಟ್ಟೆಯ ಹೊರಗಿದ್ದ ಆ ಎರಡು ಪಾದಗಳ ಮೇಲೆ ನೆಟ್ಟಿದ್ದವು.