ರೊಟ್ಟಿ ಬಡಿಯುವ ಸಪ್ಪಳ

ಸರಸಂಬಾ ಹಳ್ಳಿಯವರ ಬಸ್ಸು ಸಂಶೋಧನಾ ಸಂಸ್ಥೆಯ ಗೇಟಿನೊಳಗೆ ತಿರುಗಿದಾಗ ಮಂಜರಿ ಬೀಗರನ್ನು ಎದುರುಗೊಳ್ಳುವವಳಂತೆ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದಳು. ಆಳಂದದಿಂದ ಕಡಗಂಚಿಗೆ ಹೋಗುವ ದಾರಿಯಲ್ಲಿ, ತೊಗರಿ ಹೊಲಗಳ ನಡುವೆ ಎದ್ದ ಆ ಕಟ್ಟಡದಲ್ಲಿ ಯಂತ್ರಗಳಿಗೆ ಮನುಷ್ಯರ ಮಾತು ಕಲಿಸುವ ಸಂಶೋಧನೆ ನಡೆಯುತ್ತಿತ್ತು. ಒಳಗಿನವರು ಅದನ್ನು ಮಷೀನ್ ಲರ್ನಿಂಗ್ ಎನ್ನುತ್ತಿದ್ದರು. ಸುತ್ತಲಿನ ಹಳ್ಳಿಯವರ ಬಾಯಲ್ಲಿ ಅದು ಮಾತಿನ ಕಾರ್ಖಾನೆ. ಜನರಿಗಾಗಿ ಉಪನ್ಯಾಸ ಏರ್ಪಡಿಸುವುದು, ನೋಡಲು ಬಂದವರನ್ನು ಸುತ್ತಾಡಿಸುವುದು ಮಂಜರಿಯ ಕೆಲಸ. ಅಫಜಲಪುರ, ಜೇವರ್ಗಿಯ ಕಾಲೇಜು ಹುಡುಗರು ಆಗಲೇ ಬಂದು ಸಭಾಂಗಣದ ಹಿಂದಿನ ಸಾಲು ಹಿಡಿದಿದ್ದರು. ಮುಂದಿನ ಸಾಲುಗಳನ್ನು ಅವಳು ಸರಸಂಬಾದವರಿಗೆಂದೇ ತೆಗೆದಿಟ್ಟಿದ್ದಳು. ಇವತ್ತಿನ ಉಪನ್ಯಾಸ ಅವರ ಮನೆಗಳ ದನಿಯ ಬಗ್ಗೆ.

ಆ ದನಿಗಳನ್ನು ಕೂಡಿಸಿ ತಂದವಳೂ ಅವಳೇ. ಬೇಸಿಗೆಗೆ ಮುಂಚೆ ಸರಸಂಬಾದ ಮನೆಮನೆಗೆ ಹೋಗಿ, ಹೆಣ್ಣುಮಕ್ಕಳ ಒಪ್ಪಿಗೆ ಕೇಳಿ, ಅಡುಗೆಮನೆಯ ಗೂಡಿನಲ್ಲಿ ರೆಕಾರ್ಡರ್ ಇಟ್ಟು, ತಾನು ಪಡಸಾಲೆಯಲ್ಲಿ ಗಂಡಸರ ಜೊತೆ ಚಹಾ ಕುಡಿಯುತ್ತ ಕೂತಿದ್ದಳು. ಎದುರಿಗೆ ಕೂತರೆ ಅವರು ಪುಸ್ತಕದ ಕನ್ನಡ ಮಾತಾಡುತ್ತಾರೆ. ಕೆಲಸದಲ್ಲಿದ್ದಾಗ ಬಾಯಿ ಸಡಿಲಾಗುತ್ತದೆ ಎಂಬುದು ಅವಳದೇ ಸಲಹೆ. ತಂದ ಮೇಲೆ ಎಲ್ಲವನ್ನೂ ಕೇಳಿದ್ದಳು. ಮುಕ್ಕಾಲು ಪಾಲು ಬರೀ ರೊಟ್ಟಿ ಬಡಿಯುವ ಸಪ್ಪಳ. ಮನೆಯ ಗುಟ್ಟಿನ ಮಾತು ಯಾವುದೂ ಇಲ್ಲ ಎಂದು ಬರೆದು ಕೊಟ್ಟಿದ್ದಳು.

ಬಸ್ಸಿನಿಂದ ತುಳಸಾಬಾಯಿ ಮೊದಲು ಇಳಿದಳು. ಹಿಂದೆ ಸೊಸೆ ದೀಪಾಲಿ, ಆಮೇಲೆ ಮಗ ತುಷಾರ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ತುಳಸಾಬಾಯಿಯ ಗಂಡ ಗೋವಿಂದರಾಯರು ಟೋಪಿ ಸರಿಮಾಡಿಕೊಳ್ಳುತ್ತ, "ನಮ್ಮ ಮನಿ ಹೆಣ್ಮಕ್ಕಳ ದನಿ ದೊಡ್ಡ ದೊಡ್ಡ ಮಂದಿ ಕೇಳತಾರಂತ, ಊರಾಗೆಲ್ಲ ಹೇಳೇ ಬಂದೇನ್ರಿ ಬಾಯಾರ," ಎಂದರು.

"ಖರೇನ ಹೇಳೀರಿ. ಇವತ್ತು ಕೇಳಿಸೋದು ನಿಮ್ಮ ಅಡಗಿಮನಿದ ಐತ್ರಿ. ಮುಂದ ಕೂಡ್ರಿ," ಎಂದಳು ಮಂಜರಿ.

ಗಂಡಸರು ಒಳಗೆ ಹೋದರು. ತುಳಸಾಬಾಯಿ ಮಾತ್ರ ಪಡಸಾಲೆಯ ಕಂಬಕ್ಕೆ ಆತುಕೊಂಡಂತೆ ಗಾಜಿನ ಗೋಡೆಯ ಪಕ್ಕ ನಿಂತಳು.

"ಬಾಯಾರ, ನಮ್ಮ ಮಾತಂದ್ರ, ರೊಟ್ಟಿ ಸಪ್ಪಳದಾಗ ಕೇಳಿಸಿದಷ್ಟ ಹೌದಲ್ರಿ?"

"ಅಲ್ರಿ, ಅದ ಇವತ್ತಿನ ಗಮ್ಮತ್ತು. ನಮ್ಮ ಮಸರತ ಅದಾಳಲ್ರಿ, ವಿಜ್ಞಾನಿ. ಆಕಿ ಕಂಪ್ಯೂಟರಿನಾಗ ಸಪ್ಪಳ ಅಷ್ಟೂ ತಗದು, ಬರೇ ಮಾತು ಉಳಸ್ತಾಳ. ಜ್ವಾಳದಾಗಿನ ಕಲ್ಲು ಆರಿಸಿದಂಗ."

 ತುಳಸಾಬಾಯಿ ಮಂಜರಿಯ ಮುಂಗೈ ಹಿಡಿದಳು. ಬಳೆ ಒತ್ತುವಷ್ಟು ಗಟ್ಟಿಯಾಗಿ.

"ತಗೀಬ್ಯಾಡ್ರಿ."

ದೀಪಾಲಿ ನೆಲ ನೋಡುತ್ತಿದ್ದಳು. ತುಳಸಾಬಾಯಿ ಸುತ್ತ ನೋಡಿ, ಉಸಿರಿನಲ್ಲೇ ಹೇಳಿದಳು.

"ಈಕಿ ಮತ್ತ ಬಸರಾಗಬಾರದಂತ ಕಾಪರ್‌ಟಿ ಹಾಕಿಸ್ಕೊಂಡಾಳ್ರಿ. ನಾನ ದವಾಖಾನಿಗೆ ಕರ್ಕೊಂಡು ಹೋಗಿದ್ದೆ. ಎರಡು ಹೆಣ್ಣು ಹಡದಾಳ. ಎರಡನೇದಕ್ಕ ಈಕಿ ನಮ್ಮ ಕೈಯಾಗ ಉಳಿಯೋದ ಕಷ್ಟ ಆಗಿತ್ತು. ಅಪ್ಪ ಮಗ ಇಬ್ಬರೂ ಗಂಡು ಬೇಕಂತ ಜಪ ಹಿಡದಾರ. ಅವರಿಗಿ ಗೊತ್ತಿಲ್ರಿ. ಗೊತ್ತಾದ್ರ ಈಕಿನ್ನ ತವರಮನಿಗಿ ಅಟ್ಟತಾರ, ಮಕ್ಕಳನ್ನ ಇಟಗೋತಾರ. ನಾವು ಅದನ್ನ ಮಾತಾಡಿದ್ದು ರೊಟ್ಟಿ ಬಡಿಯೋಮುಂದ."

"ಡಬ್ಬಿ ಇಟ್ಟೇನಿ ಅಂತ ಹೇಳಿದ್ದೆನಲ್ರಿ," ಎಂದಳು ಮಂಜರಿ. ತನ್ನ ಮಾತು ತನಗೇ ಪೊಳ್ಳಾಗಿ ಕೇಳಿಸಿತು.

"ಹೇಳಿದ್ರಿ. ಪಡಸಾಲಿಗೆ ಕೇಳದ್ದು ಆ ಡಬ್ಬಿಗಿ ಕೇಳತೈತಿ ಅಂತ ಯಾರಿಗಿ ಗೊತ್ತ್ರಿ?"

ಮಂಜರಿಗೆ ಗೊತ್ತಿರಬೇಕಿತ್ತು. ಅವಳೂ ಇದೇ ನೆಲದ ಸೊಸೆ. ಮದುವೆಯಾದ ಹೊಸತರಲ್ಲಿ ಅತ್ತೆಮನೆಯ ತುಂಬ ಜನ. ಅಳಬೇಕೆಂದರೂ ಮೂಲೆ ಇರಲಿಲ್ಲ. ನೆಗೆಣ್ಣಿ ಅವಳಿಗೆ ಕಲಿಸಿದ ಮೊದಲ ಪಾಠ ಅದೇ: ಹೇಳೋದು ಇದ್ರ ರೊಟ್ಟಿ ಬಡಿಯೋಮುಂದ ಹೇಳು ಬೇ. ಗುಟ್ಟು ದೊಡ್ಡದಾದಷ್ಟೂ ಅಂಗೈ ಜೋರಾಗಿ ಬೀಳುತ್ತಿತ್ತು. ಹೊರಗೆ ಕೂತ ಮಾವ, "ಇವತ್ತು ಸೊಸಿಗೋಳು ಹುರುಪಿನಾಗ ಅದಾರ," ಎಂದು ಹೊಗಳುತ್ತಿದ್ದರು. ಆ ಸಪ್ಪಳದ ಅಡಿಯಲ್ಲಿ ಹೇಳಿಕೊಂಡಿರದಿದ್ದರೆ ಅವಳು ಬದುಕುಳಿಯುತ್ತಿರಲಿಲ್ಲ. ಈಗ ಆಳಂದದ ಮನೆಯಲ್ಲಿ ಇರುವವರು ಇಬ್ಬರೇ, ರೊಟ್ಟಿ ಅಂಗಡಿಯಿಂದ ಬರುತ್ತದೆ. ಹೀಗೆ ಮರೆತುಹೋಗಬಹುದೇ ಒಂದು ಇಡೀ ಭಾಷೆ?

"ನೀವು ಒಳಗ ಕೂಡ್ರಿ. ನಾ ನಿಲ್ಲಸ್ತೇನಿ," ಎಂದಳು.

ಒಳಗೆ ಹೋದರೆ ಮಸರತ ಆಗಲೇ ವೇದಿಕೆಯ ಮೇಲಿದ್ದಳು. ನಿರ್ದೇಶಕರ ಸ್ವಾಗತ ಮುಗಿದಿತ್ತು. ದೂರದಿಂದ ಬಂದ ಅತಿಥಿಗಳು ಅವರ ಪಕ್ಕ ಕೂತಿದ್ದರು. ಮಸರತ ಕಲಬುರಗಿಯ ಹುಡುಗಿ, ಮೂವತ್ತು ದಾಟಿಲ್ಲ, ಮಾತು ಚುರುಕು.

"ನಮ್ಮ ಅಮ್ಮೀ ಹೇಳ್ತಾಳ, ನೀ ಮನಿಯಾಗ ಯಾರ ಮಾತೂ ಕೇಳಂಗಿಲ್ಲ, ಅಲ್ಲಿ ಯಂತ್ರಕ್ಕ ಕೇಳೋದು ಕಲಸ್ತಿ ಅಂತ," ಎಂದಳು. ಸಭೆ ನಕ್ಕಿತು.

ಮಂಜರಿ ಒಂದು ಚೀಟಿಯಲ್ಲಿ ಬರೆದಳು: ಸರಸಂಬಾದ ದನಿ ಹಾಕಬ್ಯಾಡ. ಬೇರೆ ಏನಾದರೂ ಹಾಕು. ಬಗ್ಗಿ ವೇದಿಕೆಯ ಮೇಜಿನ ಮೇಲೆ ಇಟ್ಟಳು. ಮಸರತ ಅದನ್ನು ನೋಡದೇ ನೀರಿನ ಬಾಟಲಿಯ ಕೆಳಗೆ ಸರಿಸಿ, ಗೊತ್ತಾಯಿತು ಎಂಬಂತೆ ತಲೆಯಾಡಿಸಿದಳು. ಪ್ರತಿ ಉಪನ್ಯಾಸದಲ್ಲೂ ಮಂಜರಿ ಕೊಡುವ ಚೀಟಿ ಒಂದೇ: ಸಮಯ ಆಗುತ್ತ ಬಂತು, ಮುಗಿಸು. ಓದುವ ಅಗತ್ಯವೇ ಇರಲಿಲ್ಲ.

ಎರಡನೇ ಸಲ ಮೆಟ್ಟಿಲು ಹತ್ತಹೋದಾಗ ನಿರ್ದೇಶಕರು ಕೈ ಅಡ್ಡ ಹಿಡಿದರು. "ಕೂಡ್ರಿ ಮಂಜರಿ. ಹುಡುಗಿ ಚಂದ ಮಾತಾಡಾಕತ್ತಾಳ, ಯಾಕ ಕೆಡಸ್ತೀರಿ?"

ನಿಲ್ಲಿಸಿ ಎಂದು ಕೂಗಬಹುದಿತ್ತು. ಕೂಗಿದರೆ ಯಾಕೆ ಎಂದು ಇಡೀ ಸಭೆ ಕೇಳುತ್ತದೆ. ಗೋವಿಂದರಾಯರು ಕೇಳುತ್ತಾರೆ. ತುಷಾರ ಕೇಳುತ್ತಾನೆ, ಮನೆಗೆ ಹೋಗುವವರೆಗೂ ಕೇಳುತ್ತಾನೆ. ಮಂಜರಿ ವೇದಿಕೆಯ ಪಕ್ಕದ ತನ್ನ ಮೇಜಿಗೆ ಬಂದಳು. ಪ್ರಶ್ನೆ ಕೇಳುವವರಿಗೆ ಕೊಡುವ ಮೈಕು ಅಲ್ಲಿತ್ತು. 

"ಈಗ ಒಂದು ದನಿ ಕೇಳಸ್ತೇನಿ," ಎಂದಳು ಮಸರತ. "ತುಳಸಾಬಾಯಿಯವರ ಅಡಗಿಮನಿದು. ನಮ್ಮ ಹತ್ರ ಇರೋದ್ರಾಗ ಎಲ್ಲಕ್ಕಿಂತ ಸಪ್ಪಳ ಜಾಸ್ತಿ ಇದ್ದದ್ದು ಇದ, ಅದಕ್ಕ ಆರಿಸೇನಿ. ಇದರಾಗಿನ ಮಾತು ನಾನೂ ಕೇಳಿಲ್ಲ. ಮೊದಲ ತೊಳದು ಇಟ್ಟು ತೋರಿಸಿದ್ರ ನೀವು ನಂಬಂಗಿಲ್ಲ. ನಿಮ್ಮೆದುರಿಗೇ ತೊಳೀತೇನಿ."

ಗೋಡೆಯ ಸ್ಪೀಕರ್ ಡಬ್ಬಿಗಳಿಂದ ಸಪ್ಪಳ ಹೊರಟಿತು. ತಪ್ ತಪ್ ತಪ್. ಗೋವಿಂದರಾಯರು ತೊಡೆ ತಟ್ಟಿ ನಕ್ಕರು. "ನಮ್ಮ ಮನೀದ ನೋಡ್ರಿ. ಈ ಹೊಡೆತ ನಮ್ಮಾಕಿದ."

ಗಂಡಸರ ಸಾಲು ನಗುತ್ತಿತ್ತು. ಎಡಗಡೆ ಕೂತ ಹೆಂಗಸರ ಸಾಲಿನಲ್ಲಿ ಯಾರೂ ನಗಲಿಲ್ಲ. ತುಳಸಾಬಾಯಿಯ ಬದಿಗೆ ಕೂತಿದ್ದ ನಿಂಬೆವ್ವ ಕತ್ತು ಹೊರಳಿಸಿ ಹಿಂದಿನವಳನ್ನು ನೋಡಿದಳು, ಅವಳು ಅವಳ ಹಿಂದಿನವಳನ್ನು. ಮಂಜರಿ ಅದನ್ನು ಕಂಡಳು. ಎಲ್ಲರ ಅಡುಗೆಮನೆಯಲ್ಲೂ ಅವಳು ಆ ರೆಕಾರ್ಡರ್ ಇಟ್ಟು ಬಂದಿದ್ದಳು.

"ಈಗ ಸಪ್ಪಳ ತಗೀತೇನಿ."

ಮಸರತ ಗುಂಡಿ ಒತ್ತಿದಳು. ಬಡಿತ ದೂರ ಸರಿದು, ಬಾವಿಯಲ್ಲಿ ಬಿದ್ದ ಕೊಡದಂತೆ ಮುಳುಗಿತು. ಅದರ ಜಾಗದಲ್ಲಿ ಒಂದು ಎಳೆಯ ದನಿ ಎದ್ದಿತು, ಕಿವಿಯ ಪಕ್ಕ ನಿಂತು ಹೇಳಿದಷ್ಟು ಸ್ಪಷ್ಟ.

"ಅತ್ತಿ, ಇವರಿಗಿ ಮಾತ್ರ ಹೇಳಬ್ಯಾಡ್ರಿ..."

ತುಷಾರ ನಗು ನಿಲ್ಲಿಸಿ ಮುಂದಕ್ಕೆ ಬಾಗಿದ.

ಮಂಜರಿ ಮೈಕನ್ನು ಮೇಜಿನ ಮೇಲೆ ಮಲಗಿಸಿ, ಅದರ ಪಕ್ಕದಲ್ಲೇ ಅಂಗೈ ಬಡಿದಳು. ಸಭಾಂಗಣ ಅದುರಿತು. ಮತ್ತೊಮ್ಮೆ ಬಡಿದಳು. ಒಂದು ಕೈ ಹಿಟ್ಟು ತಿರುಗಿಸುವಂತೆ, ಒಂದು ಕೈ ಬೀಳುವಂತೆ. ಎಷ್ಟೋ ವರ್ಷದ ಮೇಲೂ ಕೈ ಆ ಲಯ ಮರೆತಿರಲಿಲ್ಲ. ಅವಳು ಹೆಂಗಸರ ಕಡೆ ನೋಡಿದಳು. ತುಳಸಾಬಾಯಿ ಮುಂದಿನ ಕಟ್ಟಿಗೆಯ ಕಟಾಂಜನದ ಮೇಲೆ ಅಂಗೈ ಇಟ್ಟಳು, ಎತ್ತಿದಳು, ಬಡಿದಳು. ನಿಂಬೆವ್ವ ಬಡಿದಳು. ಆಮೇಲೆ ಇಡೀ ಸಾಲು ಕುರ್ಚಿಯ ಕೈ, ಊಟದ ಡಬ್ಬಿ, ಸಿಕ್ಕಿದ್ದರ ಮೇಲೆ ಬಡಿಯತೊಡಗಿತು. ಎಲ್ಲರಿಗೂ ಒಂದೇ ಲಯ. ಜೇವರ್ಗಿಯ ಹುಡುಗರಿಗೆ ಇದು ಕಾರ್ಯಕ್ರಮದ ಭಾಗವೆನಿಸಿ ಅವರೂ ಸಿಳ್ಳೆ ಹಾಕಿ ಕೂಡಿಕೊಂಡರು. ಗೋಡೆಯ ಡಬ್ಬಿಗಳಲ್ಲಿ ದೀಪಾಲಿಯ ದನಿ ಇನ್ನೂ ಏನೋ ಹೇಳುತ್ತಿತ್ತು. ಸಭೆಯಲ್ಲಿ ಕೂತವರ ಕೈಗಳನ್ನು ತೆಗೆಯುವ ಗುಂಡಿ ಮಸರತಳ ಬಳಿ ಇರಲಿಲ್ಲ.

ಮಸರತ ಮಂಜರಿಯನ್ನು ನೋಡಿದಳು. ಮಂಜರಿ ಬಡಿಯುತ್ತಲೇ ತಲೆ ಅಡ್ಡ ಆಡಿಸಿದಳು. ಮಸರತ ಬಾಟಲಿಯ ಕೆಳಗಿನ ಚೀಟಿ ಎಳೆದು ಓದಿ, ದನಿ ನಿಲ್ಲಿಸಿದಳು.

ಬಡಿತ ಮಾತ್ರ ಸ್ವಲ್ಪ ಹೊತ್ತು ನಿಲ್ಲಲಿಲ್ಲ.

ಊಟ ಮುಗಿಯುವ ಹೊತ್ತಿಗೆ ನಿರ್ದೇಶಕರು ಮಂಜರಿಯ ಹತ್ತಿರ ಬಂದು, "ಸೋಮವಾರ ನನ್ನ ಕೋಣಿಗೆ ಬರ್ರಿ," ಎಂದಷ್ಟೇ ಹೇಳಿ ಅತಿಥಿಗಳ ಕಡೆ ನಡೆದರು. ಅವಳಿಗೆ ಆ ಮಾತು ತಟ್ಟಲಿಲ್ಲ. ಅವಳ ಕಣ್ಣು ಬಸ್ಸಿನ ಬಾಗಿಲ ಮೇಲಿತ್ತು. ಅಲ್ಲಿ ತುಷಾರ ಹೆಂಡತಿಯ ದಾರಿಗೆ ಅಡ್ಡ ನಿಂತಿದ್ದ.

"ನನಗ ಏನು ಹೇಳಬಾರದಿತ್ತು?"

ದೀಪಾಲಿ ಬಾಯಿ ತೆರೆಯುವ ಮೊದಲೇ ತುಳಸಾಬಾಯಿ ನಡುವೆ ಬಂದಳು. "ನಿನ್ನ ಹೊಸ ಅಂಗಿ ಒಲಿ ಮ್ಯಾಲ ಬಿದ್ದು ತೋಳು ಸುಟ್ಟಿತ್ತಲೇ. ಇಲಿ ಕಡೀತು ಅಂದಿದ್ವಿ. ನಂಬಿ ಇಲಿ ಬೋನೂ ತಂದಿ, ಶಾಣ್ಯಾ."

ಹಿಂದಿನಿಂದ ನಿಂಬೆವ್ವ ನಕ್ಕಳು. ಗೋವಿಂದರಾಯರೂ ನಕ್ಕರು. ತುಷಾರ ನಗಲಿಲ್ಲ. ಹೆಂಡತಿಯ ಮುಖವನ್ನು ಒಂದು ಗಳಿಗೆ ನೋಡಿ ಪಕ್ಕಕ್ಕೆ ಸರಿದ.

ಹತ್ತುವ ಮೊದಲು ದೀಪಾಲಿ ಮಂಜರಿಯ ಕಡೆ ತಿರುಗಿದಳು. ಅವತ್ತೆಲ್ಲ ಅವಳು ಆಡಿದ ಮೊದಲ ಮಾತು ಅದು. "ಹೇಳೋ ದಿನ ಬಂದ್ರ ನಾನ ಹೇಳತೇನ್ರಿ, ನನ್ನ ಬಾಯಿಲೆ. ಆ ದನಿ ಕಂಪ್ಯೂಟರಿನಾಗಿಂದ ತಗೀರಿ."

ಮಂಜರಿ ನೇರ ಮಸರತಳ ಕೋಣೆಗೆ ಹೋದಳು. ಮಸರತ ಸಿಟ್ಟಿನಲ್ಲಿದ್ದಳು, ಆದರೂ ತುಳಸಾಬಾಯಿಯ ಮನೆಯ ದನಿ ಪರದೆಯ ಮೇಲೆ ತೆರೆದಿಟ್ಟುಕೊಂಡು ಕಾಯುತ್ತಿದ್ದಳು.

"ಅಕ್ಕಾ, ಕೇಳಿ ಅಳಿಸ್ಲಾ, ಕೇಳದ ಅಳಿಸ್ಲಾ?"

"ಕೇಳದ ಅಳಸು. ನಕಲು ಎಲ್ಲೆಲ್ಲಿ ಐತಿ, ಅಲ್ಲೆಲ್ಲ."

ಮಸರತ ಒಂದೊಂದೇ ಅಳಿಸಿದಳು. ಕಡೆಯದು ಹೋದ ಮೇಲೂ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕೂತಳು. "ಉಳಿದ ಮನಿಗೋಳು? ಎಲ್ಲಾದ್ರಾಗೂ ಇದ ಸಪ್ಪಳ ಐತಿ."

"ಅವಕ್ಕೂ ಕೈ ಹಚ್ಚಬ್ಯಾಡ. ಮೊದಲ ನಾ ಹೋಗಿ ಕೇಳಿ ಬರ್ತೇನಿ, ಮನಿ ಮನಿಗಿ."

"ರೆಕಾರ್ಡರ್ ಚಾರ್ಜ್ ಮಾಡಿ ಇಡ್ಲಾ?"

"ಬ್ಯಾಡ," ಎಂದಳು ಮಂಜರಿ. ಕೆಂಪಾದ ಅಂಗೈ ಇನ್ನೂ ಉರಿಯುತ್ತಿತ್ತು. "ಈ ಸಲ ಪಡಸಾಲ್ಯಾಗ ಕೂಡಂಗಿಲ್ಲ. ಒಳಗ ಹೋಗತೇನಿ, ರೊಟ್ಟಿ ಬಡಿಯೋ ಹೊತ್ತಿಗಿ."