ಹೇಳಬಾರದ ಸದ್ದು

ಕಿವಿ ಮೊರೆತದವರ ಆನ್‌ಲೈನ್ ಗುಂಪಿಗೆ ವೆರ್ನಾ ಎರಡೇ ನಿಯಮ ಮಾಡಿದ್ದಳು. ನಿಮ್ಮ ಕಿವಿಯೊಳಗಿನ ಸದ್ದು ಹೇಗಿದೆ ಎಂದು ವರ್ಣಿಸಬೇಡಿ. ಯಾರಿಗೂ ‘ಏನೂ ಆಗಿಲ್ಲ’ ಎನ್ನಬೇಡಿ. ಎರಡನೆಯದಕ್ಕೆ ಕಾರಣ ಹೇಳಬೇಕಾಗಿಲ್ಲ. ಡಾಕ್ಟರು, ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಅದನ್ನೇ ಹೇಳಿ ಹೇಳಿ ಇವರ ಜೀವ ತಿಂದಿದ್ದರು. ಮೊದಲನೆಯದು ಕಿವಿ ನೆಟ್ಟಗಿರುವವರಿಗೆ ಹುಚ್ಚಾಟದಂತೆ ಕಾಣಬಹುದು. ಸದಾ ಕಿವಿ ಕೂಗುವವರಿಗೆ ಮಾತ್ರ ಗೊತ್ತು, ಒಬ್ಬ ತನ್ನ ಸದ್ದನ್ನು ಬಿಡಿಸಿ ಬರೆದರೆ ಸಾಕು, ಓದಿದವನ ಕಿವಿ ಅದನ್ನು ಹುಡುಕಲು ಕೂತುಬಿಡುತ್ತದೆ. ಹಾಳು ಕಿವಿ, ಹುಡುಕಿದ್ದನ್ನು ಪತ್ತೆ ಹಚ್ಚದೆ ಬಿಡುವುದಿಲ್ಲ.

ರಾಯ್ಸ್ ಟ್ಯಾಕೆಟ್ ಬಂದ ವಾರದಲ್ಲೇ ನಿಯಮ ಮುರಿದ. ಅವನು ಮರ ಕೊಯ್ಯುವ ಕಾರ್ಖಾನೆಯಲ್ಲಿ ದುಡಿದು ಕಿವಿ ಕಳೆದುಕೊಂಡವನು, ನಲವತ್ತರ ಆಸುಪಾಸಿನವನು. ವೆರ್ನಾ ಅವನ ಬರಹ ಅಳಿಸುವಷ್ಟರಲ್ಲಿ ನಾಲ್ಕಾರು ಮಂದಿ ಓದಿಯಾಗಿತ್ತು.

“ನಿನ್ನ ಸದ್ದು ಬೆಳಗಿನಿಂದ ನನ್ನ ತಲೇಲಿ ಕೂತಿದೆ ಕಣೋ, ಪುಣ್ಯಾತ್ಮ,” ಎಂದು ಡೋರೀನ್ ಬರೆದಳು. “ನಿನಗೆ ಕಿವಿ ಅಷ್ಟೇ ಹೋಗಿದೆಯೋ, ಬುದ್ಧೀನೂ ಹೋಗಿದೆಯೋ?”

“ಚೆನ್ನಾಗಿದೆ,” ಎಂದ ರಾಯ್ಸ್. “ಕಿವಿ ಕೆಟ್ಟವರ ಗುಂಪಲ್ಲಿ ಕಿವಿ ಮಾತೇ ಎತ್ತಬಾರದಂತೆ. ಊಟಕ್ಕೆ ಕೂರಿಸಿ, ಹಸಿವು ಅನ್ನಬೇಡ ಅಂದ ಹಾಗಾಯ್ತು. ಮೂಗರ ಸಂಘ ಅಂತ ಹೆಸರಿಟ್ಕೊಳ್ಳಿ.”

ಅಷ್ಟು ಸಾಕಾಯಿತು. ಇಡೀ ಗುಂಪು ಅವನ ಮೇಲೆ ಬಿತ್ತು. ವೆರ್ನಾ ಬೈಗುಳ ಅಳಿಸಿದಳು, ಡೋರೀನಳನ್ನು ಗದರಿದಳು, ರಾಯ್ಸ್‌ಗೆ ಎಚ್ಚರಿಕೆ ಕೊಟ್ಟಳು. ಮರುದಿನ ಅವನು ಮತ್ತೆ ಬರೆದ, ಮತ್ತೆ ಅಳಿಸಿದಳು. ಇನ್ನೊಂದು ಸಲ ಬರೆದರೆ ಹೊರಗೆ. ಅದೂ ಅವಳದೇ ಕಟ್ಟಳೆ.

ಆಗ ಅವನಿಂದ ಅವಳೊಬ್ಬಳಿಗೇ ಒಂದು ಸಂದೇಶ ಬಂತು. ‘ಹೊರಗೆ ಹಾಕಿ ಮೇಡಂ. ಹೆಂಡತಿ ಅವಳ ಅಕ್ಕನ ಮನೆಗೆ ಹೋದಳು. ಡಾಕ್ಟರು ಕೈಚೆಲ್ಲಿದರು. ಒಬ್ಬರಾದರೂ ಒಂದು ಸಲ ಪೂರ್ತಿ ಕೇಳಿದ್ದರೆ ಇರುತ್ತಿದ್ದೆನೇನೋ.’

‘ಇರುತ್ತಿದ್ದೆ’ ಎಂಬ ಮಾತು ವೆರ್ನಾಳ ಎದೆಗೆ ನಾಟಿತು. ಇದು ಗುಂಪಿನಲ್ಲಿ ಇರುವ ಮಾತಲ್ಲ, ಬದುಕಿರುವ ಮಾತು ಎಂದು ಅವಳಿಗೆ ಗೊತ್ತಾಯಿತು. ಅಂಥ ದಿನಗಳನ್ನು ಅವಳೂ ಕಂಡವಳು. ಡುಲೂತ್ ಪಟ್ಟಣದ ದಂತವೈದ್ಯರೊಬ್ಬರ ಕೈಕೆಳಗೆ ಜನರ ಹಲ್ಲು ಶುಚಿ ಮಾಡಿ ಮಾಡಿ, ಹಲ್ಲು ಕೆರೆಯುವ ಯಂತ್ರದ ಕೂಗಿಗೆ ಕಿವಿ ಒಪ್ಪಿಸಿ ಮನೆಗೆ ಬಂದಿದ್ದಳು. ಅವಳದು ಎಡೆಬಿಡದ ಒಂದೇ ಸದ್ದು. ನಿಲ್ಲುವುದೇ ಇಲ್ಲ. ನಿಲ್ಲುವುದಿಲ್ಲ ಎಂದು ಖಾತ್ರಿಯಾದ ಮೇಲೇ ಅದರ ಜೊತೆ ಬಾಳುವೆ ಮಾಡಲು ಕಲಿತಿದ್ದಳು, ಮೂಲೆ ಹಿಡಿದ ಅತ್ತೆಯ ಜೊತೆ ಹೇಗೋ ಹಾಗೆ. ಆ ಒಂದು ಒಪ್ಪಂದದ ಮೇಲೆ ಅವಳ ನಿದ್ದೆ, ಊಟ, ಸಂಸಾರ ಎಲ್ಲ ನಿಂತಿದ್ದವು.

ಫೋನ್ ಎತ್ತಿಕೊಂಡು ರಾಯ್ಸ್‌ಗೆ ಕರೆ ಮಾಡಿದಳು. ಚಳಿಗಾಲದಲ್ಲೂ ಪಕ್ಕದಲ್ಲಿ ಫ್ಯಾನ್ ತಿರುಗುತ್ತಿತ್ತು, ಅದರ ಗಾಳಿಯಲ್ಲಿ ಕಿವಿಯ ಸದ್ದು ಕೊಂಚ ಮರೆಯಾಗಲೆಂದು.

“ಹೇಳಪ್ಪ,” ಎಂದಳು. “ಪೂರ್ತಿ ಹೇಳು. ನಾನು ಕೇಳ್ತೀನಿ.”

ಅವನು ಹೇಳಿದ. ಆ ಸದ್ದು ಎಂಥದೆಂದು ಇಲ್ಲಿ ಬರೆಯುವುದು ಬೇಡ. ನಿಮ್ಮ ಕಿವಿಗಳಾದರೂ ಸುಖವಾಗಿರಲಿ. ಕೊನೆಯ ಮಾತಷ್ಟು ಸಾಕು.

“ಅದು ನಿಲ್ಲುತ್ತೆ ಮೇಡಂ. ಅದೇ ನನ್ನ ಕರ್ಮ. ಒಂದು ಗಳಿಗೆ ಪೂರ್ತಿ ನಿಂತೇ ಹೋಗುತ್ತೆ. ಹೋಯ್ತಲ್ಲಾ, ಬದುಕಿದೆ ಅಂತ ಉಸಿರು ಬಿಡೋ ಹೊತ್ತಿಗೆ ಮತ್ತೆ ಶುರು. ದಿನಾ ಹೀಗೆ ಆಸೆ ತೋರಿಸಿ ಕೊಲ್ಲುತ್ತೆ.” ಅವನು ಅತ್ತುಬಿಟ್ಟ. ಆಮೇಲೆ ಮೂಗು ಒರೆಸಿಕೊಂಡು, “ಅಬ್ಬಾ, ಎದೆ ಹಗುರಾಯ್ತು,” ಎಂದ.

ಮೂರು ದಿನದ ಮೇಲೆ ವೆರ್ನಾ ಆಲೂಗಡ್ಡೆ ಸುಲಿಯುತ್ತಿದ್ದಾಗ ಅವಳ ಕಿವಿಯ ಸದ್ದು ನಿಂತಿತು. ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಮನೆಯ ಗಡಿಯಾರ ಕೇಳಿಸಿತು, ಚಾಕುವಿನ ಸದ್ದು ಕೇಳಿಸಿತು. ಅವಳಿಗೆ ಅಳುವೇ ಬಂತು. “ಆರಿನ್, ಬಾ ಇಲ್ಲಿ,” ಎಂದು ಗಂಡನನ್ನು ಕರೆದಳು. ಅವನು ಬಾಗಿಲಿಗೆ ಬರುವಷ್ಟರಲ್ಲಿ ಅದು ಹಿಂದಿರುಗಿತ್ತು. ಆದರೆ ತನ್ನದಲ್ಲ. ರಾಯ್ಸ್ ಹೇಳಿದ್ದು, ಅವನು ಹೇಳಿದ ಹಾಗೆಯೇ.

“ಏನಾಯ್ತೇ?” ಎಂದ ಆರಿನ್. ಹೇಳಲು ಬಾಯಿ ತೆರೆದಳು. ಹೇಳಬೇಕಾದರೆ ಸದ್ದನ್ನೇ ಹೇಳಬೇಕು. ಮತ್ತೆ ಆಲೂಗಡ್ಡೆ ಕೈಗೆತ್ತಿಕೊಂಡಳು. “ಏನೂ ಆಗಿಲ್ಲ ಬಿಡು, ಸುಮ್ನೆ ತಲೆ ಕೆಡಿಸ್ಕೋಬೇಡ,” ಎಂದು ಅವನೇ ಹೇಳಿ ಹೋದ.

ಆಮೇಲೆ ಅವಳಿಗೆ ನೆಮ್ಮದಿಯೆಂಬುದೇ ಇರಲಿಲ್ಲ. ಹಳೆಯ ಸದ್ದು ಶತ್ರುವಾದರೂ ಮಾತಿಗೆ ತಪ್ಪುತ್ತಿರಲಿಲ್ಲ. ಇದು ನಿಲ್ಲುತ್ತಿತ್ತು. ನಿಂತಾಗಲೆಲ್ಲ, ಬೇಡ ಬೇಡವೆಂದರೂ, ಅವಳ ಎದೆ ನಂಬುತ್ತಿತ್ತು. ಊಟ ಸೇರದು, ಕಣ್ಣು ಮುಚ್ಚದು. ಗುಂಪಿನಲ್ಲಿ ಡೋರೀನ್ ಯಾರನ್ನೋ ಬೈದದ್ದು ಮಧ್ಯಾಹ್ನದವರೆಗೂ ಹಾಗೇ ಉಳಿದಿತ್ತು, ಅಳಿಸಲು ವೆರ್ನಾಳಿಗೆ ಕೈ ಏಳಲಿಲ್ಲ. ತನಗೂ ಯಾರ ಹತ್ತಿರವಾದರೂ ಪೂರ್ತಿ ಹೇಳಬೇಕೆನಿಸಿತು. ಆದರೆ ಹೇಳಿದರೆ ಅವರಿಗೆ ಅಂಟುತ್ತದೆ. ಅಂಟದವನು ಒಬ್ಬನೇ, ಅದನ್ನು ಕೊಟ್ಟವನು. ಅವನಿಗೆ ಹೇಳಲೆಂದು ಫೋನ್ ಕೈಗೆತ್ತಿಕೊಂಡಿದ್ದಳು, ಅಷ್ಟರಲ್ಲಿ ಅವನದೇ ಕರೆ ಬಂತು.

“ಮೇಡಂ, ನಿದ್ದೆ ಮಾಡಿದೆ,” ಎಂದ ರಾಯ್ಸ್. ದನಿಯೇ ಬೇರೆಯಾಗಿತ್ತು. “ಹೆಂಡತಿ ಫೋನಲ್ಲಿ ಮಾತಾಡಿದಳು. ಭಾನುವಾರ ಬರ್ತಾಳಂತೆ.”

“ಒಳ್ಳೇದಾಯ್ತಪ್ಪ.”

“ಒಂದು ಮಾತು ಕೇಳ್ಬೇಕಿತ್ತು.” ಅವನು ತಡವರಿಸಿದ. “ಡೋರೀನ್‌ಗೆ ಆಯ್ತಲ್ಲ, ಹಾಗೆ ನನ್ನಿಂದ ನಿಮಗೂ ಏನಾದ್ರೂ ಆಯ್ತಾ? ಹಾಗೇನಾದ್ರೂ ಆಗಿದ್ರೆ ನಾನು... ನಾನು ಮತ್ತೆ ಬಾಯಿ ಬಿಡಲ್ಲ ಮೇಡಂ. ಯಾರ ಹತ್ರಾನೂ.”

ಅಷ್ಟರಲ್ಲಿ ಅದು ನಿಂತಿತು. ಫ್ಯಾನಿನ ಗಾಳಿ, ಆ ಕಡೆ ರಾಯ್ಸ್‌ನ ಉಸಿರು, ಎಲ್ಲ ಸ್ಪಷ್ಟವಾಗಿ ಕೇಳಿಸಿದವು. ವೆರ್ನಾ ಕಣ್ಣು ಮುಚ್ಚಿ ಕಾದಳು. ಹೋಗಲಿ ದೇವರೇ, ಈ ಸಲವಾದರೂ ಹೋಗಲಿ ಎಂದುಕೊಂಡಳು.

ಮತ್ತೆ ಶುರುವಾಯಿತು.

“ಇಲ್ಲಪ್ಪ,” ಎಂದಳು. “ಏನೂ ಆಗಿಲ್ಲ.”

“ಸದ್ಯ,” ಎಂದು ಅವನು ನಿಟ್ಟುಸಿರು ಬಿಟ್ಟ. “ಹಾಗಾದ್ರೆ ಇವತ್ತು ಇನ್ನೊಂದು ಸಲ ಹೇಳ್ಲಾ ಮೇಡಂ? ಸ್ವಲ್ಪ ಬೇರೆ ಥರ ಆಗಿದೆ.”

ವೆರ್ನಾ ಕುರ್ಚಿ ಎಳೆದುಕೊಂಡು ಕೂತಳು.

“ಹೇಳು,” ಎಂದಳು.